ಬೆಟ್ಟ ಬರೀರಿ ಅಂದ್ರೆ ಎರಡು ತ್ರಿಕೋನ, ನಡುವೆ ಸೂರ್ಯ: ಮಕ್ಕಳ ಕೈಯಲ್ಲೇ ಸಹ್ಯಾದ್ರಿ ಮಾಡಿಸೋದು ಹೇಗೆ?

ತುಂಗಾತೀರದ ಮೇಷ್ಟ್ರು · ಜೂನ್ 9

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಪಾಠ ಮಾಡ್ತೀನಿ. ಐದನೇ ಕ್ಲಾಸಲ್ಲಿ ಹದಿನಾಲ್ಕು ಮಕ್ಕಳು. ಹೋದ ವಾರ "ನಿಮಗೆ ಗೊತ್ತಿರೋ ಬೆಟ್ಟ ಬರೀರಿ" ಅಂದೆ. ಹನ್ನೆರಡು ಮಕ್ಕಳು ಬರೆದದ್ದು ಒಂದೇ ಚಿತ್ರ. ಎರಡು ತ್ರಿಕೋನ, ನಡುವೆ ಅರ್ಧ ಸೂರ್ಯ, ಕೆಳಗೆ ಹೊಳೆ, ಹೊಳೆ ಪಕ್ಕ ಒಂದು ತೆಂಗಿನಮರ. ಒಬ್ಬಳು ತ್ರಿಕೋನದ ತುದಿಗೆ ಹಿಮವನ್ನೂ ಬಳಿದಿದ್ದಳು.

ಇವರೆಲ್ಲ ಹುಟ್ಟಿ ಬೆಳೆದದ್ದು ಸಹ್ಯಾದ್ರಿಯ ಮೇಲೆ. "ನಾವು ಪರ್ವತಶ್ರೇಣಿ ಮೇಲೇ ಕೂತಿದ್ದೀವಿ" ಅಂದರೆ ಕಿಟಕಿಯಾಚೆ ನೋಡಿ "ಎಲ್ಲಿದೆ ಸಾರ್?" ಅಂತ ಕೇಳ್ತಾರೆ. ಅವರ ತಪ್ಪೇನಿಲ್ಲ. ನಮ್ಮೂರು ಕಡೆಯಿಂದ ನೋಡಿದರೆ ಪರ್ವತ ಕಾಣಲ್ಲ. ತೀರ್ಥಹಳ್ಳಿ ಇರೋದು ಹೆಚ್ಚುಕಮ್ಮಿ 600 ಮೀಟರ್ ಎತ್ತರದಲ್ಲಿ, ಆಗುಂಬೆ 650ರ ಆಸುಪಾಸು. ಮೂವತ್ತು ಚಿಲ್ಲರೆ ಕಿಲೋಮೀಟರ್ ಹೋದರೂ ಏರಿದ ಹಾಗೇ ಅನ್ನಿಸಲ್ಲ. ಆಮೇಲೆ ಆಗುಂಬೆಯಿಂದ ಸೋಮೇಶ್ವರಕ್ಕೆ ಹತ್ತೇ ಕಿಲೋಮೀಟರಿನಲ್ಲಿ ರಸ್ತೆ ಅರ್ಧ ಕಿಲೋಮೀಟರಿಗೂ ಹೆಚ್ಚು ಕೆಳಗೆ ಇಳಿದುಬಿಡುತ್ತೆ.

ಚಿತ್ರ ಬರೆಯದೆ ಸುಮ್ಮನೆ ಕೂತಿದ್ದ ಒಬ್ಬ ಹುಡುಗ ಆಮೇಲೆ ಮೆಲ್ಲಗೆ ಬಂದು ಹೇಳಿದ: "ಸಾರ್, ಹೆಬ್ರಿ ಅತ್ತೆ ಮನೆಗೆ ಹೋಗೋವಾಗ ಬಸ್ಸಲ್ಲಿ ಕಿವಿ ಕಟ್ಟುತ್ತಲ್ಲ, ಅದೇನಾ ಪರ್ವತ?" ಅವನನ್ನು ತಬ್ಬಿಕೊಳ್ಳೋಣ ಅನ್ನಿಸಿತು. ಪುಸ್ತಕದ ಚಿತ್ರಕ್ಕಿಂತ ಅವನ ಕಿವಿಗೇ ಸರಿಯಾಗಿ ಗೊತ್ತಿದೆ.

ಅಲ್ಲಿಂದಲೇ ಶುರು ಮಾಡಬೇಕು ಅಂತಿದ್ದೀನಿ. ಮಕ್ಕಳ ಕೈಯಲ್ಲೇ ಮಾಡಿಸುವಂಥದ್ದು, ಹಣ ಹೆಚ್ಚು ಬೇಡದ್ದು. ಥರ್ಮಾಕೋಲ್ ಮಾತ್ರ ಬೇಡ. ಹೇಗೆ ಮಾಡಲಿ?

ಸೀತಾನದಿ ಟೀಚರ್ · ಜೂನ್ 9

ಮೇಷ್ಟ್ರೇ, ನಾನು ನಿಮ್ಮ ಆ ಹುಡುಗನ ಅತ್ತೆಯ ಊರಿನ ಹತ್ತಿರದವಳೇ! ನಮ್ಮ ಶಾಲೆಯ ಜಗಲಿಯಲ್ಲಿ ನಿಂತರೆ ಮೂಡು ದಿಕ್ಕಿಗೆ ಘಟ್ಟ ಅಂದ್ರೆ ಗೋಡೆಯೇ. ಮಳೆಗಾಲದಲ್ಲಿ ಅರ್ಧ ಗೋಡೆ ಮೋಡದೊಳಗೆ ಹೋಗಿರ್ತದೆ. ನಮ್ಮ ಮಕ್ಕಳಿಗೆ ಪರ್ವತ ಎಲ್ಲುಂಟು ಅಂತ ಕೇಳಿದ್ರೆ ಎಲ್ಲರೂ ಒಂದೇ ಕಡೆ ಕೈ ತೋರಿಸ್ತಾರೆ.

ಒಂದು ಕೆಲಸ ಮಾಡುವನಾ? ನಿಮ್ಮ ಮಕ್ಕಳು ಘಟ್ಟದ ಮೇಲಿಂದ ಕಾಣುವುದನ್ನು ಬರೆಯಲಿ, ನಮ್ಮವರು ಘಟ್ಟದ ಕೆಳಗಿಂದ ಕಾಣುವುದನ್ನು ಬರೀತಾರೆ. ಅದಲುಬದಲು ಮಾಡಿಕೊಳ್ಳುವ. ಎರಡನ್ನೂ ಪಕ್ಕ ಪಕ್ಕ ಇಟ್ಟರೆ ಮಾತ್ರ ಸಹ್ಯಾದ್ರಿ ಆಗ್ತದೆ.

ಕೈಕೆಲಸದ ಕಮಲಿ · ಜೂನ್ 10

ನಾನು ಮನೆಯಲ್ಲೇ ಮಗಳಿಗೆ ಮಾಡಿಸಿದ್ದು ಹೇಳ್ತೀನಿ. ನೆಲದ ಮೇಲೆ ಜಮಖಾನ ಹಾಸಿ. ಇಬ್ಬರು ಮಕ್ಕಳು ಎದುರುಬದುರು ಕೂತು ಎರಡೂ ತುದಿಯಿಂದ ನಿಧಾನ ತಳ್ಳಲಿ. ನಡುವೆ ಮಡಿಕೆ ಮಡಿಕೆಯಾಗಿ ಏಳುತ್ತೆ. ಪರ್ವತಶ್ರೇಣಿ ಸಿದ್ಧ. ಖರ್ಚು ಸೊನ್ನೆ.

ಕಲ್ಲಿನ ಕಥೆ · ಜೂನ್ 10

ಕಮಲಿ ಅವರೇ, ಜಮಖಾನ ಬಹಳ ಒಳ್ಳೆಯ ಪ್ರಯೋಗ. ಆದರೆ ಅದು ಹಿಮಾಲಯ, ಸಹ್ಯಾದ್ರಿ ಅಲ್ಲ. ನಾನು ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡುವವನು. ಮೊದಲ ವರ್ಷಕ್ಕೆ ಬರುವ ಹುಡುಗರಲ್ಲಿ ಹೆಚ್ಚಿನವರು "ಎಲ್ಲ ಪರ್ವತವೂ ಮಡಿಚಿ ಎದ್ದದ್ದು" ಅಂದುಕೊಂಡೇ ಬರ್ತಾರೆ. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು.

ಹಿಮಾಲಯ ಎದ್ದದ್ದು ಭಾರತದ ಭೂಫಲಕ, ಅಂದರೆ ನಮ್ಮ ನೆಲ ಹೊತ್ತು ಸರಿಯುವ ದೊಡ್ಡ ಕಲ್ಲಿನ ಹಲಗೆ, ಏಷ್ಯಾಕ್ಕೆ ಹೋಗಿ ಒತ್ತಿಕೊಂಡದ್ದರಿಂದ. ಆ ಒತ್ತಾಟ ಶುರುವಾಗಿ ಸುಮಾರು 5 ಕೋಟಿ ವರ್ಷ ಆಯಿತು, ಇವತ್ತಿಗೂ ನಿಂತಿಲ್ಲ. ಉಗುರು ಬೆಳೆಯೋ ವೇಗದಲ್ಲಿ ಅಂತ ಮಕ್ಕಳಿಗೆ ಹೇಳಿ, ಹೆಚ್ಚುಕಮ್ಮಿ ಸರಿಹೋಗುತ್ತೆ. ನಡುವೆ ಇದ್ದ ಸಮುದ್ರದ ತಳದ ಹೂಳು ಜಮಖಾನದ ಹಾಗೆ ಮಡಿಕೆ ಬಿದ್ದು ಮೇಲೆ ಬಂತು.

ಸಹ್ಯಾದ್ರಿಯ ಕಥೆ ಬೇರೆ. ಅದನ್ನು ಬೆಟ್ಟಗಳ ಸಾಲು ಅನ್ನೋದಕ್ಕಿಂತ ದಖ್ಖನ್ ಪ್ರಸ್ಥಭೂಮಿಯ ಪಶ್ಚಿಮದ ಅಂಚು ಅನ್ನೋದೇ ಸರಿ. ಸುಮಾರು 9 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮಿಂದ ಕಿತ್ತುಕೊಂಡು ಹೋಯಿತು. ಒಡೆದ ಅಂಚು ಎತ್ತರದಲ್ಲಿ ಉಳಿಯಿತು, ಮಳೆ ಹೊಳೆಗಳು ಅದನ್ನು ಕೊರೆಯುತ್ತಾ ಬಂದವು. ಕಲ್ಲು ಮಾತ್ರ ತುಂಬಾ ಹಳೆಯದು. ನಮ್ಮ ಮಲೆನಾಡಿನ ಬಹಳಷ್ಟು ಬಂಡೆಗಳಿಗೆ 250 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಅಂಚು ಹೊಸದು, ಕಲ್ಲು ಹಳೆಯದು.

ಇದನ್ನು ತೋರಿಸೋಕೆ ಊಟದ ಮಣೆ ಸಾಕು, ಮೇಷ್ಟ್ರೇ. ಮಣೆಯ ಒಂದು ಬದಿಗೆ ಅರ್ಧ ಇಟ್ಟಿಗೆ ಕೊಡಿ. ಎತ್ತರದ ಬದಿ ಪಶ್ಚಿಮ, ತಗ್ಗಿನ ಬದಿ ಪೂರ್ವ. ಮೇಲೆ ಮೂರು ಬೆರಳು ದಪ್ಪ ಹಸಿಮಣ್ಣು ಬಳಿದು, ತಳಕ್ಕೆ ತೂತು ಮಾಡಿದ ಡಬ್ಬಿಯಿಂದ ನೀರು ಹನಿಸಲಿ. ಅಂಚಿನ ಈಚೆಗೆ ಬಿದ್ದ ನೀರು ಉದ್ದಕ್ಕೆ ನಿಧಾನವಾಗಿ ಪೂರ್ವಕ್ಕೆ ಹರಿಯುತ್ತೆ, ಅದು ತುಂಗೆ. ಅಂಚಿನ ಆಚೆಗೆ ಬಿದ್ದದ್ದು ಧಡಕ್ಕನೆ ಕೆಳಗಿಳಿಯುತ್ತೆ, ಅದು ಸೀತಾನದಿ. ಕಾಲು ಗಂಟೆ ಬಿಟ್ಟು ನೋಡಿ. ಕಡಿದಾದ ಬದಿಯಲ್ಲಿ ನೀರು ಮಣ್ಣನ್ನು ಕಚ್ಚಿ ಕಚ್ಚಿ ಅಂಚನ್ನು ಹಿಂದಕ್ಕೆ ತಳ್ಳಿರುತ್ತೆ. ಘಟ್ಟದ ಕಮರಿಗಳು ಆದದ್ದೂ ಹೀಗೇ.

ಆಗುಂಬೆಯಿಂದ ಕಡಲಿಗೆ ನೇರಕ್ಕೆ ಐವತ್ತು ಕಿಲೋಮೀಟರ್ ಕೂಡ ಇಲ್ಲ. ಅಲ್ಲೇ ಹತ್ತಿರ ತುಂಗೆಯ ಕಡೆಗೆ ಬಿದ್ದ ಹನಿ ಕೂಡ್ಲಿಯಲ್ಲಿ ಭದ್ರೆಯನ್ನು ಸೇರಿ, ಆಮೇಲೆ ಕೃಷ್ಣೆಗೆ ಬಿದ್ದು, ಸಾವಿರ ಕಿಲೋಮೀಟರಿಗೂ ಹೆಚ್ಚು ನಡೆದು ಬಂಗಾಳ ಕೊಲ್ಲಿ ಮುಟ್ಟುತ್ತೆ. ಮಣೆಯ ಮೇಲೆ ಆ ಎರಡು ಹನಿಗಳ ನಡುವಿನ ದೂರ ಒಂದು ಬೆರಳು.

ಅಜ್ಜಿಮನೆ · ಜೂನ್ 11

ಕಲ್ಲಿನ ಕಥೆ ಸರ್ ಸಮುದ್ರದ ತಳ ಅಂದ್ರಲ್ಲ, ನನ್ನದೊಂದು ಮಾತು ಸೇರಿಸ್ತೀನಿ. ನಮ್ಮ ಮನೆಯಲ್ಲಿ ತಲೆತಲಾಂತರದಿಂದ ಬಂದ ಸಾಲಿಗ್ರಾಮ ಇದೆ. ಮೊಮ್ಮಗ ರಜಕ್ಕೆ ಬಂದಾಗ ಹಿಮಾಲಯದ ಪಾಠ ಓದ್ತಿದ್ದ. ಅಭಿಷೇಕ ಮುಗಿಸಿ, ಒದ್ದೆ ಕೈಯಲ್ಲೇ ಸಾಲಿಗ್ರಾಮ ಹಿಡಿದು ಅವನ ಕಣ್ಣ ಹತ್ತಿರ ತಂದೆ. ಒಳಗೆ ಸುರುಳಿ, ಸುರುಳಿಯ ಮೇಲೆ ಸಣ್ಣ ಸಣ್ಣ ಗೀರು. "ಇದು ಗಂಡಕಿ ನದಿಯದು, ನೇಪಾಳದ್ದು. ಈ ಚಕ್ರ ಒಂದು ಕಾಲದಲ್ಲಿ ಸಮುದ್ರದಲ್ಲಿದ್ದ ಜೀವಿಯ ಚಿಪ್ಪು ಅಂತ ನಿಮ್ಮಪ್ಪ ಓದಿ ಹೇಳಿದ್ದ" ಅಂದೆ. ಹುಡುಗ ಎರಡು ನಿಮಿಷ ಮಾತಾಡಲಿಲ್ಲ. ಆಮೇಲೆ "ಅಜ್ಜಿ, ಹಾಗಾದ್ರೆ ಸಮುದ್ರವೇ ಬೆಟ್ಟ ಹತ್ತಿತಾ?" ಅಂದ.

ದೇವರೆಂದು ಪೂಜೆ ಮಾಡೋದಕ್ಕೂ ಇದಕ್ಕೂ ನನಗೇನೂ ಅಡ್ಡಿ ಕಾಣಲಿಲ್ಲ. ಇನ್ನಷ್ಟು ಭಕ್ತಿಯೇ ಬಂತು.

ಕಲ್ಲಿನ ಕಥೆ · ಜೂನ್ 11

ಅಮ್ಮಾ, ನಿಮ್ಮ ಮೊಮ್ಮಗ ಸರಿಯಾಗೇ ಕೇಳಿದ್ದಾನೆ. ಆ ಜೀವಿಗೆ ಅಮೋನೈಟ್ ಅಂತಾರೆ. ಡೈನೋಸಾರ್‌ಗಳ ಜೊತೆಗೇ ಅಳಿದುಹೋದ ವಂಶ ಅದು. ಕನ್ನಡದ ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿ ಹಿಮಾಲಯದ ಜನ್ಮಪತ್ರಿಕೆ ಇದೆ.

ಪುಟ್ಟಿಯ ಅಪ್ಪ, ಬೆಂಗಳೂರು · ಜೂನ್ 12

ಅಳತೆ ಬಗ್ಗೆ ಒಂದು ಎಚ್ಚರಿಕೆ. ಮಗಳಿಗೆ ಅಂತ ಉಬ್ಬುತಗ್ಗಿನ ಗ್ಲೋಬ್ ತಂದಿದ್ದೆ. ಹಿಮಾಲಯ ಬೆರಳಿಗೆ ಚುಚ್ಚೋ ಹಾಗಿತ್ತು. ಲೆಕ್ಕ ಹಾಕಿ ನೋಡಿದೆ. ಭೂಮಿಯ ವ್ಯಾಸ 12,742 ಕಿ.ಮೀ., ಎವರೆಸ್ಟ್ 8,848.86 ಮೀಟರ್. 30 ಸೆಂ.ಮೀ. ಗ್ಲೋಬಿನಲ್ಲಿ ಎವರೆಸ್ಟ್ ಕಾಲು ಮಿಲಿಮೀಟರ್ ಕೂಡ ಬರಲ್ಲ. ಎರಡು ಹಾಳೆ ಅಂಟಿಸಿದಷ್ಟು ದಪ್ಪ, ಅಷ್ಟೇ.

ಕರ್ನಾಟಕದ ಮಾದರಿ ಮಾಡೋದಾದ್ರೆ ಒಂದು ಸೆಂಟಿಮೀಟರಿಗೆ 10 ಕಿಲೋಮೀಟರ್ ಲೆಕ್ಕ ಇಟ್ಕೊಳ್ಳಿ, 80 ಸೆಂ.ಮೀ. ಉದ್ದದ ಹಲಗೆಗೆ ಹಿಡಿಯುತ್ತೆ. ಅದೇ ಲೆಕ್ಕದಲ್ಲಿ ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ, 1,930 ಮೀಟರ್, ಎರಡು ಮಿಲಿಮೀಟರ್ ಕೂಡ ಮುಟ್ಟಲ್ಲ. ಮಕ್ಕಳಿಗೆ ಏನೂ ಕಾಣಲ್ಲ. ಹಾಗಾಗಿ ಎತ್ತರವನ್ನು ಮಾತ್ರ ಹತ್ತುಪಟ್ಟು ಮಾಡಬೇಕು. ಮುಳ್ಳಯ್ಯನಗಿರಿ 1.9 ಸೆಂ.ಮೀ., ಆಗುಂಬೆ ಆರೂವರೆ ಮಿಲಿಮೀಟರ್, ಬೆಂಗಳೂರು ಒಂಬತ್ತು ಮಿಲಿಮೀಟರ್, ಮಂಗಳೂರು ಹಲಗೆಗೆ ಸಮ. ಹತ್ತುಪಟ್ಟು ಉಬ್ಬಿಸಿದ್ದೀವಿ ಅಂತ ಹಲಗೆಯ ಮೂಲೆಯಲ್ಲಿ ಮಕ್ಕಳ ಕೈಯಲ್ಲೇ ಬರೆಸಿ.

ಪುಟ್ಟಿ ಬೆಂಕಿಕಡ್ಡಿಗೆ ಗುರುತು ಹಾಕಿ ಊರೂರಿಗೆ ಚುಚ್ಚುತ್ತಾ ಬಂದವಳು ಒಂದು ಕಡೆ ನಿಂತುಬಿಟ್ಟಳು. "ಅಪ್ಪಾ, ಬೆಂಗಳೂರು ಆಗುಂಬೆಗಿಂತ ಎತ್ತರನಾ?" ಹೌದು. ಬೆಂಗಳೂರು ಇರೋದು ಸುಮಾರು 900 ಮೀಟರ್ ಎತ್ತರದಲ್ಲಿ. ಬೆಟ್ಟ ಅಂದ್ರೆ ಎತ್ತರ ಅಷ್ಟೇ ಅಲ್ಲ, ಪಕ್ಕದ ನೆಲಕ್ಕಿಂತ ಎಷ್ಟು ಎದ್ದಿದೆ ಅನ್ನೋದು ಅವಳಿಗೆ ಆ ಕಡ್ಡಿಯಿಂದಲೇ ಹೊಳೀತು.

ಬೆರಳ ಕಣ್ಣು · ಜೂನ್ 12

ಎತ್ತರ ಎಷ್ಟು ಪಟ್ಟು ಉಬ್ಬಿಸಿದ್ದೀವಿ ಅಂತ ಬರೆಸಿ ಅಂದ ಪುಟ್ಟಿಯ ಅಪ್ಪನ ಮಾತನ್ನು ದಯವಿಟ್ಟು ಯಾರೂ ಬಿಡಬೇಡಿ. ನನ್ನ ಮಗನಿಗೆ ಹುಟ್ಟಿನಿಂದ ದೃಷ್ಟಿ ಇಲ್ಲ. ಅವನಿಗೆ ಮಾದರಿಯೇ ನಕ್ಷೆ, ಬೆರಳಿಗೆ ಸಿಕ್ಕಿದ್ದೇ ಸತ್ಯ. ಚೂಪಾಗಿ ಮಾಡಿಟ್ಟರೆ ಸಹ್ಯಾದ್ರಿ ಗರಗಸದ ಹಾಗಿದೆ ಅಂತಲೇ ಅವನು ತಿಳೀತಾನೆ.

ನಾವು ಮನೆಯಲ್ಲಿ ಮಾಡಿದ್ದು ಹೀಗೆ. ಗೋಂದು ಬಳಿದು ಕರಾವಳಿಗೆ ಸಣ್ಣ ಮರಳು, ಮಲೆನಾಡಿಗೆ ಸಾಸಿವೆ, ಬಯಲುಸೀಮೆಗೆ ಒರಟು ಬಟ್ಟೆ. ನದಿಗಳಿಗೆ ಉಲ್ಲನ್ ದಾರ. ನದಿಯನ್ನು ಮೂಲದಿಂದ ಸಮುದ್ರದವರೆಗೆ ಬೆರಳಲ್ಲಿ ಹಿಡಿದು ಹೋಗ್ತಾನೆ. ಕಾವೇರಿಯನ್ನು ತಲಕಾವೇರಿಯಿಂದ ಹಿಡಿದು ಹೊರಟವನು "ಅಮ್ಮ, ಸಮುದ್ರ ಇಷ್ಟು ಹತ್ತಿರ ಇದ್ದರೂ ಬೆನ್ನು ತಿರುಗಿಸಿ ಹೋಗ್ತಾಳಲ್ಲ" ಅಂದ. ಕಣ್ಣಿರೋ ಎಷ್ಟು ಮಕ್ಕಳು ಇದನ್ನು ಗಮನಿಸಿದ್ದಾರೋ!

ಮೇಷ್ಟ್ರೇ, ಎಲ್ಲ ಮಕ್ಕಳಿಗೂ ಒಮ್ಮೆ ಕಣ್ಣುಮುಚ್ಚಿ ಮಾದರಿ ಮುಟ್ಟಿಸಿ ನೋಡಿ.

ಕಪ್ಪತಗುಡ್ಡದ ಮಗ್ಗುಲ · ಜೂನ್ 13

ನಮಸ್ಕಾರ ರೀ. ನಾ ಗದಗ ಕಡೆಯಾಂವ. ಘಟ್ಟದಿಂದ ದೂರ ಇದ್ದೇವಿ ಖರೆ, ಆದ್ರ ಘಟ್ಟದ ಪಾಠ ನಮಗೂ ಬೇಕ್ರೀ. ಮಳಿ ಯಾಕ ನಮ್ಮ ಕಡೆ ಬರೂದಿಲ್ಲ ಅಂತ ನಮ್ಮ ಹುಡುಗ್ರು ವರ್ಷಾ ಕೇಳ್ತಾರ.

ನಾವು ಹಗ್ಗದ ಆಟ ಮಾಡೇವಿ. ಆಗುಂಬೆಯೊಳಗ ವರ್ಷಕ್ಕ 7 ಮೀಟರಿಗೂ ಹೆಚ್ಚು ಮಳಿ. ನಮ್ಮ ಕಡೆ ಸುಮಾರು 600 ಮಿಲಿಮೀಟರ್. ಸಾಲಿ ಮುಂದಿನ ಬೇವಿನ ಗಿಡದ ಮ್ಯಾಗಿಂದ 7 ಮೀಟರ್ ಹಗ್ಗ ಇಳಿಬಿಟ್ವಿ. "ಬಿದ್ದ ಮಳಿ ಹರೀದ, ಇಂಗದ ಹಂಗ ನಿಂತ್ರ ನೀರು ಇಲ್ಲೀತನಕ ಬರ್ತದ" ಅಂದೆ. ನಮ್ಮೂರಿನ ಹಗ್ಗ ಪಕ್ಕಕ್ಕ ಹಿಡಿದ್ರ ಒಂದನೇತ್ತಾ ಹುಡುಗನ ಸೊಂಟದಷ್ಟ. ಹುಡುಗ್ರು ತಲಿ ಎತ್ತಿ ಮ್ಯಾಗ ನೋಡಕೋತ ನಿಂತ್ರು. ಅಂಕಿ ಹೇಳಿದ್ರ ಹಿಂಗ ಆಗೂದಿಲ್ರೀ.

ಆಮ್ಯಾಲೆ ಗಿಡಕ್ಕ ನೀರು ಹೊಡಿಯೂ ಸ್ಪ್ರೇಯಿಂದ ಮಣ್ಣಿನ ಗುಡ್ಡದ ಮ್ಯಾಲೆ ನೀರು ಹೊಡದು, ಆಚಿ ಬದಿ ಒಣಾ ಉಳಿಯೂದನ್ನ ತೋರಿಸಿದ್ವಿ. ಮಳಿ ನೆರಳು ಅಂದ್ರ ಇದ ಅಂತ.

ಕಲ್ಲಿನ ಕಥೆ · ಜೂನ್ 13

ಹಗ್ಗ ಅದ್ಭುತ ಸರ್, ನನ್ನ ವಿದ್ಯಾರ್ಥಿಗಳಿಗೂ ಮಾಡಿಸ್ತೀನಿ. ಸ್ಪ್ರೇ ಬಗ್ಗೆ ಮಾತ್ರ ನನ್ನ ತಕರಾರಿದೆ. ಅದನ್ನು ನೋಡಿದ ಮಗು "ಬೆಟ್ಟ ಮೋಡಕ್ಕೆ ಗೋಡೆಯ ಹಾಗೆ ಅಡ್ಡ ನಿಂತಿತು" ಅಂತ ತಿಳಿಯುತ್ತೆ. ನಿಜವಾಗಿ ಆಗೋದು ಬೇರೆ. ಕಡಲಿನಿಂದ ಬಂದ ತೇವದ ಗಾಳಿ ಘಟ್ಟ ಹತ್ತಬೇಕಾಗುತ್ತೆ. ಮೇಲೆ ಹೋದ ಹಾಗೆ ಒತ್ತಡ ಕಡಿಮೆ, ಗಾಳಿ ಹಿಗ್ಗುತ್ತೆ. ಹಿಗ್ಗಿದ ಗಾಳಿ ತಣ್ಣಗಾಗುತ್ತೆ, ತೇವ ಹನಿಯಾಗುತ್ತೆ. ಅಂಚು ದಾಟಿ ಪೂರ್ವಕ್ಕೆ ಇಳಿಯೋವಾಗ ಅದೇ ಗಾಳಿ ಒತ್ತಿಕೊಂಡು ಬೆಚ್ಚಗಾಗುತ್ತೆ, ಮಳೆ ನಿಲ್ಲುತ್ತೆ.

ಇದಕ್ಕೆ ಸೈಕಲ್ ಬೇಕು. ಟ್ಯೂಬಿಗೆ ಗಟ್ಟಿಯಾಗಿ ಗಾಳಿ ಹೊಡೆದು, ಸ್ವಲ್ಪ ಹೊತ್ತು ಬಿಟ್ಟು, ವಾಲ್ವ್ ಒತ್ತಿ ಹೊರಬರುವ ಗಾಳಿಗೆ ಬೆರಳು ಹಿಡಿಯಲಿ, ತಣ್ಣಗಿರುತ್ತೆ. ಪಂಪಿನ ಕೆಳತುದಿ ಮುಟ್ಟಲಿ, ಬಿಸಿಯಾಗಿರುತ್ತೆ. ಹಿಗ್ಗಿದರೆ ತಂಪು, ಒತ್ತಿದರೆ ಬಿಸಿ. ಆಮೇಲೆ ಸ್ಟೀಲ್ ಲೋಟಕ್ಕೆ ಐಸ್ ನೀರು ಹಾಕಿ ಹೊರಗಡೆ ಮೂಡೋ ಹನಿ ತೋರಿಸಿ. ಈ ಎರಡನ್ನೂ ನೋಡಿದ ಮೇಲೆ ಸ್ಪ್ರೇ ಬೇಕಾದರೆ ಮಾಡಿ.

ಕಪ್ಪತಗುಡ್ಡದ ಮಗ್ಗುಲ · ಜೂನ್ 13

ಖರೆ ಅದ ಸರ್. ನಾಳೆ ಸೈಕಲ್ ತರ್ತೀನಿ.

ಕಾಫಿ ಹೂ · ಜೂನ್ 15

ನಾನು ಕೊಡಗಿನಲ್ಲಿ ಟೀಚರ್. ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ಇಳಿಜಾರಿನ ಪ್ರಯೋಗ ಎಲ್ಲರೂ ಮಾಡಿಸ್ತಾರೆ. ಎರಡು ತಟ್ಟೆಯಲ್ಲಿ ಮಣ್ಣಿನ ಗುಡ್ಡ, ಒಂದರಲ್ಲಿ ರಾಗಿ ಮೊಳಕೆ ಬೆಳೆಸಿರೋದು, ಇನ್ನೊಂದು ಬೋಳು. ನಾನು ಇನ್ನೊಂದು ಸೇರಿಸ್ತೀನಿ, ಬುಡವನ್ನು ರಸ್ತೆಗೋ ಮನೆ ಕಟ್ಟೋದಕ್ಕೋ ಕಡಿಯೋ ಹಾಗೆ ನೆಟ್ಟಗೆ ಕತ್ತರಿಸಿದ್ದು. ನೀರು ಹನಿಸುತ್ತಾ ಹೋದರೆ ಮೊದಲು ಕುಸಿಯೋದು ಅದೇ. ಬೇರು ಮೇಲಿನ ಮಣ್ಣನ್ನು ಹಿಡಿಯುತ್ತೆ. ಒಳಗಿನ ಮಣ್ಣು ನೀರು ಕುಡಿದು ಭಾರವಾದರೆ ಬೇರಿರೋ ಗುಡ್ಡವೂ ಜಾರುತ್ತೆ, ಅದನ್ನೂ ಮುಚ್ಚಿಡದೆ ಹೇಳಬೇಕು.

2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತ ಗುಡ್ಡಗಳು ಜಾರಿದ ಮೇಲೆ, ಮುಂದಿನ ವರ್ಷ ಇದೇ ಪ್ರಯೋಗ ಮಾಡಿಸಿದೆ. ಚೆಂದ ಕಾಣಲಿ ಅಂತ ಗುಡ್ಡದ ಬುಡದಲ್ಲಿ ಬೆಂಕಿಪೊಟ್ಟಣದ ಒಂದು ಮನೆ ಇಟ್ಟಿದ್ದೆ. ನೀರು ಹನಿಸೋಕೆ ಶುರು ಮಾಡಿದಾಗ ಒಂದು ಹುಡುಗಿ ಎದ್ದು ಬಂದು ಆ ಮನೆಯ ಮೇಲೆ ಎರಡೂ ಕೈ ಬೋಗುಣಿಯ ಹಾಗೆ ಮುಚ್ಚಿ ಹಿಡಿದಳು. ಏನೂ ಹೇಳಲಿಲ್ಲ. ಮಣ್ಣು ಅವಳ ಬೆರಳ ಮೇಲೆ ಬಿತ್ತು. ಅವಳ ಮನೆಯವರು ಆರು ತಿಂಗಳು ನಂಟರ ಮನೆಯಲ್ಲಿದ್ದರು ಅನ್ನೋದು ನನಗೆ ಆಮೇಲೆ ಗೊತ್ತಾಯಿತು. ಅವತ್ತು ಪಾಠ ನಿಲ್ಲಿಸಿದೆ.

ಈಗ ಮನೆ ಇಡಲ್ಲ. ಪ್ರಯೋಗಕ್ಕೆ ಮೊದಲು ಪ್ರತಿ ಮಗುವಿನ ಹತ್ತಿರ ಮಾತಾಡ್ತೀನಿ. ಕುಸಿಯೋದನ್ನು ತೋರಿಸಿ ಬಿಡೋದೂ ಇಲ್ಲ. "ಇದು ಕುಸಿಯದ ಹಾಗೆ ಏನು ಮಾಡ್ತೀರಿ?" ಅಂತ ಇನ್ನೊಂದು ಗುಡ್ಡ ಅವರ ಕೈಗೇ ಕೊಡ್ತೀನಿ. ಮಕ್ಕಳು ಕಡ್ಡಿಯಲ್ಲಿ ಬಸಿಗಾಲುವೆ ತೆಗೀತಾರೆ, ಮೆಟ್ಟಿಲು ಮಾಡ್ತಾರೆ, ಬುಡ ಕಡಿಯಬೇಡಿ ಅಂತ ಜಗಳ ಮಾಡ್ತಾರೆ. ಆ ಹುಡುಗಿಯ ಗುಂಪಿನ ಗುಡ್ಡ ಮೂರು ಚೊಂಬು ನೀರು ತಡೆದಿತ್ತು.

ತುಂಗಾತೀರದ ಮೇಷ್ಟ್ರು · ಜೂನ್ 15

ಟೀಚರ್, ನೀವು ಬರೆದದ್ದು ಒಳ್ಳೆಯದಾಯಿತು. ನನ್ನ ಪಟ್ಟಿಯಲ್ಲೂ ಬೆಂಕಿಪೊಟ್ಟಣದ ಮನೆ ಇತ್ತು. ತೆಗೆದೆ.

ಡೊಂಬಿವಿಲಿ ಕನ್ನಡಿಗ · ಜೂನ್ 16

ಇಲ್ಲಿ ಮಹಾರಾಷ್ಟ್ರದ ಸಹ್ಯಾದ್ರಿ ನೋಡಿದರೆ ಮೆಟ್ಟಿಲು ಮೆಟ್ಟಿಲು. ಸುಮಾರು 6.6 ಕೋಟಿ ವರ್ಷದ ಹಿಂದಿನ ಲಾವಾ ಪದರದ ಮೇಲೆ ಪದರ. ಮಗನಿಗೆ ಹತ್ತು ಸೆಟ್ ದೋಸೆ ಪೇರಿಸಿ, ಅಂಚನ್ನು ಮೇಲಿಂದ ಕೆಳಕ್ಕೆ ಒಂದೊಂದಾಗಿ ಹೆಚ್ಚು ಉಳಿಯೋ ಹಾಗೆ ಕತ್ತರಿಸಿ ತೋರಿಸಿದೆ. ಲೋಣಾವಳ ದಾಟುವಾಗ ರೈಲಿನ ಕಿಟಕಿಯಿಂದ "ಪಪ್ಪಾ, ದೋಸೆ!" ಅಂತ ಕೂಗಿದ. ಒಂದೇ ಸಹ್ಯಾದ್ರಿ ನಿಮ್ಮಲ್ಲಿ ಒಂದು ಕಲ್ಲು, ನಮ್ಮಲ್ಲಿ ಇನ್ನೊಂದು. 1,600 ಕಿಲೋಮೀಟರ್ ಉದ್ದ ಇದೆಯಲ್ಲ.

ತುಂಗಾತೀರದ ಮೇಷ್ಟ್ರು · ಜುಲೈ 18

ಒಂದು ತಿಂಗಳಾಯಿತು. ಮಳೆಗೆ ನಡುವೆ ಐದು ದಿನ ರಜೆ ಬೇರೆ. ಏನೇನಾಯಿತು ಅಂತ ಹೇಳ್ತೀನಿ.

ಮೊದಲು ಮಣೆ. ಕಿವಿ ಕಟ್ಟೋ ಹುಡುಗ ಮನೆಯಿಂದ ತಂದ. ಅಂಗಳದಲ್ಲಿ ಇಟ್ಟಿಗೆ ಕೊಟ್ಟು ಮಣ್ಣು ಬಳಿದೆವು. ಡಬ್ಬಿಯಿಂದ ನೀರು ಹನಿಸ್ತಿದ್ದ ಹಾಗೇ ನಿಜವಾದ ಮಳೆಯೇ ಬಂತು. ಮಕ್ಕಳು ಜಗಲಿಗೆ ಓಡಲಿಲ್ಲ, ಕೊಡೆ ಹಿಡಿದು ಸುತ್ತ ಕುಕ್ಕರಗಾಲಲ್ಲಿ ಕೂತರು. ಅಂಚಿನ ಮೇಲೆ ಬಿದ್ದ ನೀರು ಎರಡು ಕಡೆಗೆ ಒಡೀತು. "ಇದು ತುಂಗೆ, ಇದು ಸೀತೆ" ಅಂತ ಕೂಗಿದರು. ಸ್ವಲ್ಪ ಹೊತ್ತಿಗೆ ಕಡಿದಾದ ಬದಿಯಲ್ಲಿ ಬೆರಳಗಲ ಕಮರಿ ಬಿತ್ತು. ಒಬ್ಬಳು ಕೇಳಿದಳು: "ಹೀಗೇ ಕೊರೀತಾ ಬಂದ್ರೆ ತುಂಗೆಯ ನೀರನ್ನೂ ಆ ಕಡೆ ಎಳ್ಕೊಳ್ಳುತ್ತಾ ಸಾರ್?" ಕಲ್ಲಿನ ಕಥೆ ಸರ್, ಇದಕ್ಕೆ ಉತ್ತರ ನಿಮ್ಮದು.

ಎರಡನೆಯದು ಹಲಗೆಯ ಮಾದರಿ. ಹಳೇ ಪೇಪರ್ ನೆನೆಸಿ, ಮೊರಕ್ಕೆ ಬಳಿಯೋಕೆ ಮಾಡ್ತಾರಲ್ಲ ಹಾಗೆ, ಮೆಂತ್ಯ ಸೇರಿಸಿ ರುಬ್ಬಿದೆವು. ಬಿಸಿಯೂಟದ ಅಕ್ಕನೇ ರುಬ್ಬಿಕೊಟ್ಟರು. ಆದರೆ ಜುಲೈ ತಿಂಗಳ ಮಲೆನಾಡಲ್ಲಿ ಅದು ಒಣಗಬೇಕಲ್ಲ! ಹತ್ತು ದಿನ ಅಡುಗೆಕೋಣೆಯ ಒಲೆಯ ಹತ್ತಿರ ಇಟ್ಟೆವು. ಚಿಕ್ಕಮಗಳೂರಿನ ಹತ್ತಿರ ಬಿರುಕು ಬಿಟ್ಟಿತು, ಮತ್ತೆ ಮೆತ್ತಿದೆವು. ಮೂಲೆಯಲ್ಲಿ "ಎತ್ತರ ಹತ್ತುಪಟ್ಟು" ಅಂತ ಬರೆದಿದ್ದೀವಿ. ಕಣ್ಣು ಕಟ್ಟಿಕೊಂಡು ಮುಟ್ಟಿದಾಗ ಬಹಳ ಮಕ್ಕಳು ಮೊದಲು ಗುರುತು ಹಿಡಿದದ್ದು ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟಸಾಲನ್ನು, ಕುದುರೆ ಲಾಳದ ಹಾಗೆ ಬಾಗಿರೋದರಿಂದ.

ನಿನ್ನೆ ಮತ್ತೆ "ಬೆಟ್ಟ ಬರೀರಿ" ಅಂದೆ. ಒಂಬತ್ತು ಮಕ್ಕಳು ಉದ್ದನೆಯ ಗೆರೆ ಎಳೆದು, ಎಡಗಡೆ ಧಡಕ್ಕನೆ ಇಳಿಸಿ, ಕೆಳಗೆ ಸಮುದ್ರ ಬರೆದರು. ಮೂವರು ತ್ರಿಕೋನ ಬಿಡಲಿಲ್ಲ, ಇರಲಿ. ಹಿಮ ಬಳಿದಿದ್ದವಳು ಈ ಸಲ ಅಂಚಿನ ಮೇಲೆ ಬಿಳಿ ಬಳಿದು ಪಕ್ಕದಲ್ಲಿ ಬರೆದಿದ್ದಳು: "ಇದು ಹಿಮ ಅಲ್ಲ, ಮೋಡ." ಕಿವಿ ಕಟ್ಟೋ ಹುಡುಗ ಬಸ್ಸು ಬರೆದ. ಬಸ್ಸಿನ ಕಿಟಕಿಯಲ್ಲಿ ಒಂದು ದೊಡ್ಡ ಕಿವಿ.

ಕಲ್ಲಿನ ಕಥೆ · ಜುಲೈ 18

ಆ ಹುಡುಗಿಗೆ ಹೇಳಿ, ಹೌದು. ಒಂದು ನದಿ ಹಿಂದಕ್ಕೆ ಕೊರೆಯುತ್ತಾ ಬಂದು ಇನ್ನೊಂದರ ನೀರನ್ನು ತನ್ನ ಕಡೆ ತಿರುಗಿಸಿಕೊಳ್ಳೋದು ಭೂಮಿಯ ಮೇಲೆ ಎಷ್ಟೋ ಕಡೆ ಆಗಿದೆ. ಅದಕ್ಕೆ ನದಿ ಅಪಹರಣ ಅಂತಾರೆ. ಮಣೆಯ ಮೇಲೆ ಅರ್ಧ ದಿನ ನೀರು ಬಿಟ್ಟರೆ ಅವಳೇ ಮಾಡಿ ನೋಡಬಹುದು.

ಕೈಕೆಲಸದ ಕಮಲಿ · ಜುಲೈ 19

ಮೇಷ್ಟ್ರೇ, ಪೇಪರಿಗೆ ಮೆಂತ್ಯ ಎಷ್ಟು ಹಾಕಿದ್ರಿ? ನಾನು ಮಾಡಿದ್ದು ಹುಳು ಹಿಡೀತು.

ಅಜ್ಜಿಮನೆ · ಜುಲೈ 19

ಹಿಂಡಿ ತೆಗೆದ ಪೇಪರ್ ನಾಲ್ಕು ಹಿಡಿಗೆ ರಾತ್ರಿ ನೆನೆಸಿದ ಮೆಂತ್ಯ ಒಂದು ಹಿಡಿ ಹಾಕು ಮಗಳೇ. ನುಣ್ಣಗೆ ರುಬ್ಬು. ಒಂದು ಚಮಚ ಅರಿಶಿನ ಸೇರಿಸು. ಬಿಸಿಲಿಲ್ಲದಾಗ ದಪ್ಪ ಮೆತ್ತಬೇಡ, ಒಂದು ಪದರ ಒಣಗಿದ ಮೇಲೆ ಇನ್ನೊಂದು.

ಸೀತಾನದಿ ಟೀಚರ್ · ಜುಲೈ 22

ಮೇಷ್ಟ್ರೇ, ನಿಮ್ಮ ಮಕ್ಕಳ ಚಿತ್ರದ ಲಕೋಟೆ ಬಂತು. ನಮ್ಮ ಗೋಡೆಯ ಚಿತ್ರದ ಪಕ್ಕ ನಿಮ್ಮ ಉದ್ದ ಗೆರೆಯ ಚಿತ್ರ ಅಂಟಿಸಿದ್ದೇವೆ. ಕಿವಿಯ ಬಸ್ಸು ಸರಿಯಾಗಿ ನಡುವಿಗೆ ಬಂತು. ನಮ್ಮ ಮಕ್ಕಳ ಒಂದು ಪ್ರಶ್ನೆ ಉಂಟು: ನಿಮ್ಮ ಅಂಚಿನಲ್ಲಿ ನಿಂತರೆ ನಮ್ಮ ಶಾಲೆ ಕಾಣ್ತದಾ?

ತುಂಗಾತೀರದ ಮೇಷ್ಟ್ರು · ಜುಲೈ 22

ಈಗ ಕೈಚಾಚಿದರೆ ಕೈಯೇ ಕಾಣಲ್ಲ ಟೀಚರ್, ಅಷ್ಟು ಮೋಡ. ದೀಪಾವಳಿ ಕಳೆದು ಆಕಾಶ ತಿಳಿಯಾಗಲಿ, ಹದಿನಾಲ್ಕೂ ಮಕ್ಕಳನ್ನು ಆಗುಂಬೆ ಅಂಚಿಗೆ ಕರ್ಕೊಂಡು ಬರ್ತೀನಿ. ನಿಮ್ಮ ಮಕ್ಕಳು ಅಂಗಳದಲ್ಲಿ ಕನ್ನಡಿ ಹಿಡಿದು ಬಿಸಿಲು ನಮ್ಮ ಕಡೆ ಹೊಡೆಯಲಿ. ಮಧ್ಯಾಹ್ನ ಮೂರು ಗಂಟೆಗೆ ಆದರೆ ಸೂರ್ಯ ನಿಮ್ಮ ಬೆನ್ನಿಗೆ ಬಂದುಬಿಡ್ತಾನೆ, ಬೆಳಿಗ್ಗೆ ಹತ್ತಕ್ಕೆ ಇಟ್ಟುಕೊಳ್ಳೋಣ.